ಆರಿಸದ ಚೀಲ

ಕ್ರಷರ್ ಅಂಗಳ, ಕೆಳಪೇಟೆ
ಮಾರ್ಚ್ 6

ಅತ್ತಿಗೆಗೆ ನಮಸ್ಕಾರ.

ಚೀಲ ಬಿಚ್ಚಿದ ಕೂಡಲೇ ಕಾಗದ ಕಂಡು ಗಾಬರಿಯಾಗಬೇಡಿ. ಜಲ್ಲಿ ಕೆಳಗಿದೆ, ಐವತ್ತು ಕೆಜಿ. ಮಾದರಿ ಚೀಲದೊಳಗೆ ಪತ್ರ ಇಡಬಾರದೆಂದು ಲಾರಿ ಡ್ರೈವರ್ ಹೇಳಿದರು. ಆದರೆ ನನಗೆ ಬೇರೆ ದಾರಿ ಇಲ್ಲ. ಭೂಕಂಪದಲ್ಲಿ ಬಿದ್ದ ಟವರ್ ಇನ್ನೂ ಎದ್ದಿಲ್ಲ. ಅಂಚೆ ಕಚೇರಿ ಇದ್ದ ಜಾಗದಲ್ಲಿ ಈಗ ನಮ್ಮ ಕ್ರಷರ್ ನಿಂತಿದೆ. ವಾರಕ್ಕೊಮ್ಮೆ ನಿಮ್ಮ ಊರಿಗೆ ಹೊರಡುವ ಈ ಲಾರಿಯೊಂದೇ ನಮ್ಮ ಬಾಯಿ. ಡ್ರೈವರಿಗೆ ಇಲ್ಲಿ ಎಲ್ಲರೂ ಟಪಾಲಣ್ಣ ಎನ್ನುತ್ತಾರೆ. ಪ್ರಯೋಗಾಲಯದಲ್ಲಿ ಕಲ್ಲು ಪರೀಕ್ಷೆ ಮಾಡುವ ಹೆಂಗಸೊಬ್ಬರಿದ್ದಾರೆ, ತೂಕ ಕಮ್ಮಿಯಾದರೆ ನನಗೇ ಬೈಯುತ್ತಾರೆ ಎಂದು ಅವರು ಹೇಳಿದಾಗ ನೀವೇ ಇರಬೇಕು ಅಂದುಕೊಂಡೆ.

ಅಣ್ಣ ತೀರಿಕೊಂಡು ನೀವು ಮನೆ ಬಿಟ್ಟು ಆರು ವರ್ಷವಾಯಿತು. ಒಂದು ಕಾಗದ ಬರೆಯಲಿಲ್ಲ. ಈಗ ಬರೆಯುತ್ತಿರುವುದು ಕೆಲಸ ಬಿದ್ದಿದ್ದಕ್ಕೆ. ಅದನ್ನು ಮುಚ್ಚಿಡುವುದಿಲ್ಲ.

ಕೆಳಪೇಟೆ ಪೂರ್ತಿ ಬಿದ್ದಿದೆ, ನಮ್ಮ ಮನೆಯೂ ಸೇರಿ. ಅಮ್ಮನ ತೊಡೆಯ ಮೂಳೆ ಸೊಂಟದ ಹತ್ತಿರ ಮುರಿಯಿತು. ಕಣಿವೆಯಾಚೆ ಮೇಲ್ಪೇಟೆಯ ಆಸ್ಪತ್ರೆಗೆ ಹೊತ್ತು ಹಾಕಿ ಬಂದೆ. ಮಾರನೇ ದಿನ ಎರಡನೇ ನಡುಕಕ್ಕೆ ಸೇತುವೆ ಹೋಯಿತು. ಅಲ್ಲಿ ಹಾಸಿಗೆ ಇದೆ, ಆಪರೇಷನ್ ಮಾಡುವವರಿಲ್ಲ. ಹೆಲಿಕಾಪ್ಟರ್ ಎರಡು ಸಲ ಬಂದು ಹದಿನಾಲ್ಕು ಜನರನ್ನು ಎತ್ತಿಕೊಂಡು ಹೋಯಿತು, ಆಮೇಲೆ ಬರಲಿಲ್ಲ. ಇನ್ನೂ ಅರವತ್ತೊಂದು ಜನ ಉಳಿದಿದ್ದಾರೆ. ನಾನು ಕಣಿವೆಗೆ ಇಳಿದು ಹತ್ತಿ ಎರಡು ಗಂಟೆಯಲ್ಲಿ ಅಮ್ಮನ ಹತ್ತಿರ ಹೋಗುತ್ತೇನೆ. ಆದರೆ ಆ ಕಾಲುದಾರಿಯಲ್ಲಿ ಹಗ್ಗ ಹಿಡಿದು ಇಳಿಯಬೇಕು, ಸ್ಟ್ರೆಚರ್ ಬರುವುದಿಲ್ಲ.

ಸೇತುವೆ ಇದ್ದಲ್ಲಿ ಈಗ ಬಂಡೆ ಮಣ್ಣು ತುಂಬಿ ಮುನ್ನೂರು ಮೀಟರ್ ಏರಿ ಎಬ್ಬಿಸುತ್ತಿದ್ದಾರೆ. ಅದರ ಮೇಲಿನ ಹಾಸಿಗೆಗೆ ಜಲ್ಲಿ ಬೇಕು, ಎಂಟು ಸಾವಿರ ಟನ್ನು. ಕ್ವಾರಿಯ ಗುಡ್ಡ ಜಾರಿದೆ. ಹೊರಗಿನಿಂದ ತರೋಣವೆಂದರೆ ಇರುವುದು ಏಳೇ ಲಾರಿ. ಹಾಗಾಗಿ ಬಿದ್ದ ಮನೆಗಳನ್ನೇ ಒಡೆದು ಜಲ್ಲಿ ಮಾಡುತ್ತಿದ್ದೇವೆ. ಅಂಗಳದ ಮೇಸ್ತ್ರಿ ನಾನೇ. ಪ್ರಯೋಗಾಲಯದ ಒಪ್ಪಿಗೆ ಬರುವವರೆಗೆ ರೋಲರ್ ಬಿಡುವುದಿಲ್ಲವೆಂದು ಕಾಮಗಾರಿ ಕಚೇರಿಯವರು ಕೂತಿದ್ದಾರೆ. ಮೇ ಮಧ್ಯಕ್ಕೆ ಮಳೆ. ಅದಕ್ಕೆ ಮುಂಚೆ ಅಮ್ಮ ಈಚೆ ಬರದಿದ್ದರೆ ಬರುವುದಿಲ್ಲ ಎಂದು ಡಾಕ್ಟರ್ ಹೇಳಿದ್ದಾರೆ.

ಬೇಗ ನೋಡಿ ಅತ್ತಿಗೆ.

ನಿಮ್ಮ ಮೈದುನ


ಪ್ರಯೋಗಾಲಯ, ಮೂರನೇ ಮಹಡಿ
ಮಾರ್ಚ್ 14

ಮರಿ,

ಪತ್ರ ಸಿಕ್ಕಿತು. ಇನ್ನು ಮುಂದೆ ಚೀಲದಲ್ಲಿ ಇಡಬೇಡ. ಇಲ್ಲಿಗೆ ಬರುವ ಚೀಲದ ಮೇಲೆ ಸಂಖ್ಯೆ ಮಾತ್ರ ಇರಬೇಕು. ಕಲ್ಲು ಯಾರದೆಂದು ಪರೀಕ್ಷೆ ಮಾಡುವವರಿಗೆ ಗೊತ್ತಿರಬಾರದು. ಗೊತ್ತಿದ್ದರೆ ಕೈ ಬೇರೆ ಥರ ಕೆಲಸ ಮಾಡುತ್ತದೆ. ಬರೆಯಲೇಬೇಕಾದರೆ ಡ್ರೈವರ್ ಕೈಗೆ ಕೊಡು.

ನಿನ್ನ ಜಲ್ಲಿ ಸೋತಿದೆ. ಒಣಗಿಸಿದ ಜಲ್ಲಿಯನ್ನು ಉಕ್ಕಿನ ಬಟ್ಟಲಲ್ಲಿ ತುಂಬಿ, ಹದಿನಾಲ್ಕು ಕೆಜಿ ಸುತ್ತಿಗೆಯನ್ನು ಹದಿನೈದು ಸಲ ಬೀಳಿಸುತ್ತೇವೆ. ನೂರು ಪಾಲಿನಲ್ಲಿ ಎಷ್ಟು ಪಾಲು ಪುಡಿಯಾಯಿತೆಂದು ಜರಡಿ ಹಿಡಿದು ತೂಗುತ್ತೇವೆ. ಮಿತಿ ಮೂವತ್ತು. ನಿನ್ನದು ಮೂವತ್ತಮೂರು. ಕ್ವಾರಿಯ ಕಲ್ಲು ಮೈಯೆಲ್ಲ ಒಂದೇ. ಗೋಡೆಯ ಕಲ್ಲು ಹಾಗಲ್ಲ, ಹಳೆಯ ಗಾರೆಯನ್ನು ಅಂಟಿಸಿಕೊಂಡೇ ಬರುತ್ತದೆ. ಮೊದಲು ಪುಡಿಯಾಗುವುದು ಆ ಗಾರೆ, ಜೊತೆಗೆ ಇಟ್ಟಿಗೆ. ಇಂಥ ಜಲ್ಲಿ ನೀರನ್ನೂ ಕುಡಿಯುತ್ತದೆ. ಆದ್ದರಿಂದ ಮೂರು ದಿನ ನೀರಲ್ಲಿ ನೆನೆಸಿ ಇನ್ನೊಮ್ಮೆ ಪರೀಕ್ಷೆ ಮಾಡುವುದು ಕಡ್ಡಾಯ. ಒಣದರಲ್ಲೇ ಸೋತಿದ್ದರಿಂದ ಅದನ್ನು ಮಾಡಲಿಲ್ಲ.

ಮಾಡಬೇಕಾದ್ದು: ಎಲ್ಲವನ್ನೂ ಕ್ರಷರಿಗೆ ಎರಡನೇ ಸಲ ಹಾಕು, ಗಾರೆ ಉದುರುತ್ತದೆ. ಆಮೇಲೆ ತೊಳೆಸು. ಹೊಸ ಮಾದರಿ ತೆಗೆಯುವಾಗ ರಾಶಿಯ ನಾಲ್ಕು ಕಡೆಯಿಂದ ಸಲಿಕೆಗೆ ಬಂದದ್ದನ್ನು ಗುಡ್ಡೆ ಮಾಡಿ, ಚಪ್ಪಟೆ ಮಾಡಿ, ನಾಲ್ಕು ಭಾಗ ಮಾಡು. ಎದುರುಬದುರಿನ ಎರಡನ್ನು ಚೀಲಕ್ಕೆ ತುಂಬು. ಕಣ್ಣಿಗೆ ಏನನ್ನೂ ಆರಿಸಲು ಬಿಡಬೇಡ.

ನಿಮ್ಮಮ್ಮನ ಆರೋಗ್ಯದ ವಿಷಯ ಕೇಳಿ ಬೇಸರವಾಯಿತು.

ಅತ್ತಿಗೆ


ಕೆಳಪೇಟೆ
ಮಾರ್ಚ್ 22

ಅತ್ತಿಗೆ,

‘ನಿಮ್ಮಮ್ಮ’ ಎಂದು ಬರೆದಿದ್ದೀರಿ. ಮೊದಲು ಅತ್ತೆ ಎನ್ನುತ್ತಿದ್ದಿರಿ.

ಅಮ್ಮನ ಬೆನ್ನು ಮಲಗಿ ಮಲಗಿ ಹುಣ್ಣಾಗಿದೆ. ಸಂಜೆ ಜ್ವರ ಬರುತ್ತದೆ. ನಮ್ಮ ಅಂಗಳಕ್ಕೆ ದಿನಕ್ಕೆ ಬರುವ ನೀರು ಒಂದು ಟ್ಯಾಂಕರ್, ಅದನ್ನು ಇನ್ನೂರು ಜನ ಕುಡಿಯಬೇಕು. ಅದರಲ್ಲಿ ನಾನು ಕಲ್ಲಿಗೆ ಸ್ನಾನ ಮಾಡಿಸಲೇ? ಕ್ರಷರಿನ ಬೆಲ್ಟು ಎರಡು ಸಲ ಹರಿದಿದೆ. ಎಲ್ಲವನ್ನೂ ಮತ್ತೊಮ್ಮೆ ಹಾಕಿದರೆ ಜೂನ್ ಆಗುತ್ತದೆ. ಜೂನಿನಲ್ಲಿ ಯಾರಿಗಾಗಿ ರಸ್ತೆ?

ಅಣ್ಣ ಹೋದ ದಿನ ಎಲ್ಲರೆದುರು ಅಮ್ಮ ನಿಮಗೆ ಅಂದ ಮಾತು ನಾನು ಮರೆತಿಲ್ಲ. ‘ಕಲ್ಲು ಒಡೆಯೋ ಕೈ ಇದು, ಮನೆ ಹಿಡಿಯೋ ಕೈ ಅಲ್ಲ.’ ನಾನು ಬಾಗಿಲಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಅದು ನನ್ನ ತಪ್ಪು. ಆದರೆ ಆ ಲೆಕ್ಕವನ್ನು ಈಗ ಮೂರು ಅಂಕದಲ್ಲಿ ತೀರಿಸಿಕೊಳ್ಳುತ್ತಿದ್ದೀರಾ? ಬೇರೆ ಯಾರ ಅಮ್ಮ ಆಗಿದ್ದರೂ ಮೂವತ್ತಮೂರು ಮೂವತ್ತಮೂರೇ ಆಗಿರುತ್ತಿತ್ತೇ?

ಹೊಸ ಚೀಲ ಕಳಿಸಿದ್ದೇನೆ. ಈ ಸಲ ಚೆನ್ನಾಗಿದೆ. ಇದರಲ್ಲೂ ಸೋತರೆ ನಾನು ಇನ್ನು ಬರೆಯುವುದಿಲ್ಲ.


ಪ್ರಯೋಗಾಲಯ
ಏಪ್ರಿಲ್ 2

ಮರಿ,

ಎರಡನೇ ಚೀಲ ಪಾಸಾಗಿದೆ. ವರದಿಯನ್ನು ಕಾಮಗಾರಿ ಕಚೇರಿಗೆ ಮುಚ್ಚಿದ ಲಕೋಟೆಯಲ್ಲಿ ಕಳಿಸಿದ್ದೇನೆ. ನಿನಗಾಗಿ ಮುಖ್ಯ ಭಾಗ ನಕಲು ಮಾಡಿದ್ದೇನೆ:

ಒಣ ಪರೀಕ್ಷೆ: 26. ಮಿತಿಯೊಳಗಿದೆ.
ನೆನೆಸಿದ ಪರೀಕ್ಷೆ: ಅನ್ವಯಿಸುವುದಿಲ್ಲ.
ಶಿಫಾರಸು: ಉಪಯೋಗಿಸಬಹುದು.

ನೀನು ಹೇಗೋ ನೀರು ಹೊಂದಿಸಿ ತೊಳೆಸಿದ್ದೀಯ, ಎರಡನೇ ಸಲ ಒಡೆಸಿದ್ದೀಯ ಎಂದು ಜಲ್ಲಿ ನೋಡಿದರೇ ತಿಳಿಯುತ್ತದೆ. ಕಷ್ಟಪಟ್ಟಿದ್ದೀಯ.

ನಿನ್ನ ಪತ್ರದ ಉಳಿದ ಮಾತಿಗೆ ಉತ್ತರ ಬರೆಯುವುದಿಲ್ಲ.

ಅತ್ತಿಗೆ


ಕೆಳಪೇಟೆ
ಏಪ್ರಿಲ್ 11

ಅತ್ತಿಗೆ,

ನನ್ನ ಕಳೆದ ಪತ್ರವನ್ನು ಹರಿದು ಹಾಕಿ. ಹರಿದಿದ್ದರೆ ಸುಟ್ಟು ಹಾಕಿ. ಬರೆದವನಿಗೆ ಬುದ್ಧಿ ಇರಲಿಲ್ಲ, ಅಷ್ಟೇ.

ರೋಲರ್ ಬಂತು. ಏರಿಯ ಮೇಲೆ ಮೊದಲ ಪದರ ಹಾಸಿದೆವು, ಒಂದು ಗೇಣು ದಪ್ಪ. ರೋಲರ್ ಹೋದ ಮೇಲೆ ಬೂಟುಗಾಲಲ್ಲಿ ಒದ್ದು ನೋಡಿದೆ, ಬೂಟೇ ಸೋತಿತು. ಬೂದು ಬಣ್ಣದ ಹಾಸಿಗೆ. ನಡುನಡುವೆ ಕೆಂಪು, ಹಸಿರು, ಹಳದಿ ಚೂರು. ಯಾರ ಮನೆಯ ಗೋಡೆ ಯಾವುದೆಂದು ಜನ ನಿಂತು ಗುರುತು ಹಿಡಿಯುತ್ತಾರೆ. ಟಪಾಲಣ್ಣ ಅಲ್ಲಿ ಹಾರ್ನ್ ಹೊಡೆಯುವುದಿಲ್ಲ. ಕೇಳಿದ್ದಕ್ಕೆ, ‘ಅಷ್ಟೂ ಜನರ ಮನೆ ಕಣಪ್ಪ ಇದು. ಮನೆಯೊಳಗೆ ಯಾರಾದ್ರೂ ಹಾರ್ನ್ ಹೊಡೀತಾರಾ?’ ಅಂದರು.

ಅಮ್ಮನಿಗೆ ವರದಿಯ ವಿಷಯ ಹೇಳಿದೆ. ‘ನನ್ನ ಮನೆ ಮೇಲೇ ಗಾಡಿ ಓಡಿಸ್ತೀರಾ? ಓಡಿಸಿ. ಅಡುಗೆಮನೆ ಗೋಡೆ ಮಾತ್ರ ನಂಬಬೇಡ. ಅದನ್ನ ಕಟ್ಟಿದ್ದು ನಿಮ್ಮಪ್ಪ. ಸಿಮೆಂಟು ಉಳಿಸಿ ಮರಳಲ್ಲೇ ನಿಲ್ಲಿಸಿದ ಗಂಡು ಅದು’ ಎಂದಳು. ಆಮೇಲೆ ನೀವು ಒಬ್ಬರೇ ಇದ್ದೀರಾ, ಸರಿಯಾಗಿ ಊಟ ಮಾಡುತ್ತೀರಾ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಮಾಡ್ತಾರೆ ಎಂದುಬಿಟ್ಟೆ.

ನಿಮ್ಮ ಮೈದುನ


ಪ್ರಯೋಗಾಲಯ
ಏಪ್ರಿಲ್ 20

ಮರಿ,

ಕೆಲವು ವಿಷಯ ತಿಳಿಯಬೇಕು, ತಡಮಾಡದೆ ಬರೆ. ಏರಿಯ ಎರಡೂ ಪಕ್ಕಕ್ಕೆ ಚರಂಡಿ ಮಾಡಿದ್ದೀರಾ? ಮೇಲ್ಪೇಟೆಯ ಇಳಿಜಾರಿನ ನೀರು ಎಲ್ಲಿ ಹೋಗುತ್ತದೆ? ಜಲ್ಲಿಯ ಮೇಲೆ ಡಾಂಬರು ಯಾವಾಗ? ಡಾಂಬರು ಬೀಳುವ ಮುಂಚೆ ಮಳೆ ಬಂದರೆ ಮುಚ್ಚಲು ಟಾರ್ಪಾಲು ಇದೆಯೇ?

ನೀರು ಒಳಗೆ ಇಳಿಯಬಾರದು. ಇದನ್ನು ದೊಡ್ಡದಾಗಿ ಬರೆದು ಅಂಗಳದ ಗೋಡೆಗೆ ಅಂಟಿಸು.

ಏಕೆ ಇಷ್ಟು ಕೇಳುತ್ತೇನೆ ಎಂದರೆ, ಎಲ್ಲರಿಗೂ ಇದನ್ನೇ ಕೇಳುತ್ತೇವೆ.

ನಾನು ಊಟ ಮಾಡುತ್ತೇನೆ ಎಂದು ಹೇಳು.

ಅತ್ತಿಗೆ


ಕೆಳಪೇಟೆ
ಮೇ 1

ಅತ್ತಿಗೆಗೆ ನಮಸ್ಕಾರ.

ನಿಮ್ಮ ಚರಂಡಿ ಪ್ರಶ್ನೆಗಳನ್ನು ಓದಿ ನನಗೂ ಟಪಾಲಣ್ಣನಿಗೂ ನಗು ಬಂತು. ‘ಮೇಡಂ ನಮ್ಮ ರಸ್ತೆಗೂ ಶೀತ ಆಗುತ್ತೆ ಅಂತ ಹೆದರಿದಾರೆ’ ಅಂದರು. ಚರಂಡಿ ಮಾಡಿಲ್ಲ, ಆಳಿಲ್ಲ. ಡಾಂಬರು ಆಮೇಲೆ. ಸದ್ಯಕ್ಕೆ ಜಲ್ಲಿಯ ಮೇಲೇ ಗಾಡಿ ಬಿಡುತ್ತಾರೆ. ಮೂರೂ ಪದರ ಮುಗಿದಿದೆ. ಮೇ ಏಳನೇ ತಾರೀಕು ಬೆಳಿಗ್ಗೆ ಮೇಲ್ಪೇಟೆಯಿಂದ ಅರವತ್ತೊಂದು ಜನರನ್ನು ಎಂಟು ಆಂಬುಲೆನ್ಸ್, ಎರಡು ಬಸ್ಸಿನಲ್ಲಿ ತರುತ್ತಾರೆ. ಮೊದಲ ದಿನ ಗಾಯಾಳುಗಳನ್ನು ಹೊತ್ತು ಹೋಗಿ, ಸೇತುವೆ ಬಿದ್ದ ಮೇಲೆ ಆಚೆಯೇ ಸಿಕ್ಕಿಕೊಂಡ ಗಾಡಿಗಳು ಅವು. ಅಮ್ಮ ಮೊದಲ ಗಾಡಿಯಲ್ಲಿ. ಅವಳನ್ನು ತರುವುದು ನಿಮ್ಮ ಊರಿನ ದೊಡ್ಡಾಸ್ಪತ್ರೆಗೇ. ಎರಡು ದಿನದಿಂದ ಮೋಡ ಕಟ್ಟಿದೆ, ಆದರೆ ಹನಿ ಬಿದ್ದಿಲ್ಲ. ಇನ್ನು ಆರು ದಿನ ತಡೆದರೆ ಸಾಕು.

ಒಂದು ಗುಟ್ಟು ಹೇಳುತ್ತೇನೆ, ನಿಮಗೆ ಸಂತೋಷವಾಗುತ್ತದೆ. ಆ ಎರಡನೇ ಚೀಲ ಪಾಸ್ ಮಾಡಿಸಿದ್ದು ಅಮ್ಮ. ತೊಳೆಸಲು ನೀರಿಲ್ಲ, ಎರಡನೇ ಸಲ ಒಡೆಸಲು ಬೆಲ್ಟಿಲ್ಲ. ರಾಶಿಯಿಂದ ಅಷ್ಟಷ್ಟೇ ಜಲ್ಲಿಯನ್ನು ಬೆನ್ನ ಮೇಲೆ ಹಾಕಿಕೊಂಡು ಕಣಿವೆ ದಾಟಿ ಅಮ್ಮನ ಮಂಚದ ಹತ್ತಿರ ಒಯ್ದೆ. ಆಸ್ಪತ್ರೆಯ ಔಷಧದ ತಟ್ಟೆಯಲ್ಲಿ ಹರಡಿಕೊಟ್ಟೆ. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಕೂತುಬಿಟ್ಟಳು. ಮೂರು ವಾರದಲ್ಲಿ ಅಂದೇ ಮೊದಲು ದಿಂಬಿಗೆ ಒರಗಿ ಕೂತದ್ದು. ಇಟ್ಟಿಗೆ ಆಚೆ, ಗಾರೆ ಹಿಡಿದದ್ದು ಆಚೆ, ಬಿಳಿ ಪ್ಲಾಸ್ಟರ್ ಆಚೆ. ಹಸಿರು ಬಣ್ಣದ ಒಂದು ತುಂಡು ಬಂತು, ನಮ್ಮ ಅಡುಗೆಮನೆಯದು. ಉಗುರಲ್ಲಿ ಕೆರೆದಳು, ಪುಡಿ ಉದುರಿತು. ‘ನೋಡು ನಿಮ್ಮಪ್ಪನ ಕೆಲಸ’ ಅಂದು ಅದನ್ನೂ ಎಸೆದಳು. ಐದು ಬುಟ್ಟಿ ಒಯ್ದರೆ ಎರಡು ಬುಟ್ಟಿ ಕಸ ತೆಗೆದಳು. ನಾಲ್ಕು ದಿನ ಹಿಡಿಯಿತು. ಉಳಿದ ಮೂರು ಬುಟ್ಟಿಯೇ ನಿಮ್ಮ ಚೀಲ.

ಹಾಗೆ ಆರಿಸಬಾರದೆಂದು ನೀವು ಬರೆದಿದ್ದಿರಿ, ನೆನಪಿದೆ. ಆದರೆ ಮನೆಗೆ ಬಂದವರ ಎಲೆಗೆ ಹುಳುಕು ಬಡಿಸುತ್ತೇವೆಯೇ? ಹೇಗೂ ಮಿತಿಯಲ್ಲಿ ಎರಡು ಮೂರು ಅಂಕ ಸಡಿಲ ಇಟ್ಟಿರುತ್ತಾರೆ ಅಂದುಕೊಂಡೆ. ಅತ್ತೆ ಸೊಸೆ ಸೇರಿ ಮಾಡಿದ ರಸ್ತೆ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೇನೆ.

ನಿಮ್ಮ ಮೈದುನ


ಪ್ರಯೋಗಾಲಯದ ಮೆಟ್ಟಿಲು
ಮೇ 4

ಮರಿ,

ಗಾಡಿ ಬಿಡಬೇಡ. ಇದಿಷ್ಟೇ ಓದಿ ಕಚೇರಿಗೆ ಓಡು, ಉಳಿದದ್ದನ್ನು ಆಮೇಲೆ ಓದು.

ಲಾರಿ ನಾಳಿದ್ದು ಹೊರಡಬೇಕಿತ್ತು. ನಾನು ಕೈ ಮುಗಿದು ಕೇಳಿದೆ. ಡ್ರೈವರ್ ಮುಖ ತೊಳೆದು ಬರಲು ಹೋಗಿದ್ದಾರೆ, ಬಂದ ಕೂಡಲೇ ಹೊರಡುತ್ತಾರೆ. ಅಷ್ಟರಲ್ಲಿ ಬರೆಯುತ್ತಿದ್ದೇನೆ. ಇವರು ಆರರ ಸಂಜೆಗೆ ಮುಟ್ಟಬೇಕು.

ನಾನು ಸುಳ್ಳು ಬರೆದಿದ್ದೆ. ನಿನ್ನ ಎರಡನೇ ಚೀಲವನ್ನು ಮೂರು ದಿನ ನೆನೆಸಿ ಪರೀಕ್ಷೆ ಮಾಡಿದ್ದೆ. ಬಂದದ್ದು ಮೂವತ್ತನಾಲ್ಕು. ಬಟ್ಟಲು ತೊಳೆದು ಇಟ್ಟು ನಿನ್ನ ಪತ್ರವನ್ನು ಮತ್ತೆ ಓದಿದೆ. ನಾನು ಸೇಡಿಗೆ ಕಲ್ಲನ್ನು ಸೋಲಿಸುವವಳು ಎಂದು ನೀನು ತಿಳಿದಿರುವಾಗ ಮೂವತ್ತನಾಲ್ಕು ಎಂದು ಬರೆಯಲು ಕೈ ಬರಲಿಲ್ಲ. ಆ ಜಾಗದಲ್ಲಿ ‘ಅನ್ವಯಿಸುವುದಿಲ್ಲ’ ಎಂದು ಬರೆದೆ. ನಾಲ್ಕು ಅಂಕವನ್ನು ರಸ್ತೆ ತಡೆದುಕೊಳ್ಳುತ್ತದೆ, ಮಿತಿಯಲ್ಲಿ ಅಷ್ಟು ಸಡಿಲ ಇರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನೀನೂ ಅದನ್ನೇ ಹೇಳಿಕೊಂಡಿದ್ದೀಯ. ಇದ್ದದ್ದು ಒಂದೇ ಸಡಿಲ, ಮರಿ. ಅದನ್ನು ನೀನು ಒಂದು ಕಡೆಯಿಂದ ತಿಂದೆ, ನಾನು ಇನ್ನೊಂದು ಕಡೆಯಿಂದ.

ನಾನು ಪಾಸ್ ಮಾಡಿದ ಜಲ್ಲಿ ನಿನ್ನ ರಸ್ತೆಯಲ್ಲಿ ಇಲ್ಲವೇ ಇಲ್ಲ. ರಸ್ತೆಯಲ್ಲಿರುವುದು ಮೊದಲ ಚೀಲದ ಜಲ್ಲಿ. ಐದರಲ್ಲಿ ಎರಡು ಪಾಲು ಇಟ್ಟಿಗೆ, ಗಾರೆ, ಪ್ಲಾಸ್ಟರ್. ಒಣಗಿರುವಾಗ ಅದು ಬೂಟಿಗೆ ಸೋಲುವುದಿಲ್ಲ. ನೆನೆದರೆ ಎಷ್ಟಾಗುತ್ತದೆ ಎಂದು ನಿನ್ನ ಪತ್ರ ಬಂದ ಮೇಲೆ ನೋಡಿದೆ. ಮೊದಲ ಚೀಲದಲ್ಲಿ ಎರಡು ಹಿಡಿ ಉಳಿದಿತ್ತು. ಒಂದು ರಾತ್ರಿ ನೆನೆಸಿದ್ದಕ್ಕೇ ಐವತ್ತು ದಾಟಿತು. ಪ್ಲಾಸ್ಟರ್ ಬೆರಳಲ್ಲಿ ಹಿಸುಕಿದರೆ ಬೆಣ್ಣೆ.

ಮಳೆ ಬಾರದೆ ಇದ್ದರೂ ನಂಬಬೇಡ. ಮೊದಲು ತುಂಬಿದ ಲಾರಿಯೊಂದನ್ನು, ಡ್ರೈವರ್ ಹೊರತು ಯಾರನ್ನೂ ಹತ್ತಿಸದೆ, ನಡೆಯುವ ವೇಗದಲ್ಲಿ ಏರಿಯ ನಟ್ಟನಡುವೆ ಬಿಡಬೇಕು. ಹಿಂದೆ ನಡೆದು ನೋಡು. ಚಕ್ರದ ಗುರುತು ಒಂದು ಬೆರಳಿನಷ್ಟು ಇಳಿದರೆ ರಸ್ತೆ ಮುಚ್ಚಿಬಿಡಬೇಕು. ಅಂಚಿಗೆ ಹೋಗಕೂಡದು, ನೀರು ಮೊದಲು ಹಿಡಿಯುವುದು ಅಂಚನ್ನು.

ಮುಚ್ಚಿದರೆ ಅತ್ತೆ ಆಚೆಯೇ ಉಳಿಯುತ್ತಾರೆ ಎಂದು ನನಗೆ ಗೊತ್ತು. ಗೊತ್ತಿದ್ದೇ ಬರೆಯುತ್ತಿದ್ದೇನೆ. ಇದನ್ನೂ ಸೇಡು ಅನ್ನುವುದಾದರೆ ಅನ್ನು, ಆದರೆ ಗಾಡಿ ಬಿಡಬೇಡ.

ಡ್ರೈವರ್ ಬಂದರು.


ಕೆಳಪೇಟೆ
ಮೇ 9

ಅತ್ತಿಗೆ,

ಈ ಪತ್ರವನ್ನು ನಿಮ್ಮ ಕೈಗೆ ಕೊಟ್ಟವರು ಬೇರೆಯವರು. ಅವರ ಮುಖ ನೋಡಿಯೇ ನಿಮಗೆ ತಿಳಿದಿರುತ್ತದೆ.

ಐದನೇ ತಾರೀಕು ಮಳೆ ಶುರುವಾಯಿತು. ಆರರ ಸಂಜೆ ಟಪಾಲಣ್ಣ ಬಂದಾಗ ಎರಡು ಕಣ್ಣೂ ಕೆಂಪಗಿದ್ದವು. ‘ಓದು, ಆಮೇಲೆ ಮಾತಾಡು’ ಎಂದು ಪತ್ರ ಕೊಟ್ಟರು. ಕಚೇರಿಯವರ ಹತ್ತಿರ ಓಡಿದೆ. ಪಾಸ್ ಎಂಬ ವರದಿ ಅವರ ಕಡತದಲ್ಲಿತ್ತು, ನನ್ನ ಕೈಯಲ್ಲಿದ್ದದ್ದು ಒಂದು ಕಾಗದ. ಬೆಳಿಗ್ಗೆ ಒಂದು ಲಾರಿ ಬಿಟ್ಟು ನೋಡಲು ಮಾತ್ರ ಒಪ್ಪಿದರು.

ಬೆಳಕು ಹರಿಯುತ್ತಲೇ ಏರಿಯ ಮೇಲೆ ಒಬ್ಬನೇ ನಡೆದು ಅಮ್ಮನ ಹತ್ತಿರ ಹೋದೆ. ನಿಮ್ಮ ಪತ್ರ ಓದಿ ಹೇಳಿದೆ. ನೀವು ಸುಳ್ಳು ಬರೆದ ಭಾಗವನ್ನು ಬಿಟ್ಟು ಓದಿದೆ. ಕೊನೆಯವರೆಗೆ ಕೇಳಿ ಅಮ್ಮ, ‘ಅವಳು ಬೇಡ ಅಂದ್ರೆ ಬೇಡ. ಕಲ್ಲು ಒಡೆಯೋ ಕೈ ಅದು, ಸುಳ್ಳು ಬರೆಯಲ್ಲ’ ಎಂದಳು. ನಾನು ಕಾಗದ ಮಡಿಸಿದೆ.

ಆರೂವರೆಗೆ ಟಪಾಲಣ್ಣ ಲಾರಿಗೆ ಜಲ್ಲಿ ತುಂಬಿಸಿಕೊಂಡರು. ಬೇರೆ ಡ್ರೈವರುಗಳಿದ್ದರು. ‘ಎರಡು ದಿನ ಈ ಕಾಗದ ಹೊತ್ತವನು ನಾನು, ಉತ್ತರ ನಾನೇ ತಗೊಂಡು ಹೋಗ್ತೀನಿ’ ಎಂದು ಹತ್ತಿದರು. ನಡುವೆ ಹೋದರು. ನಾನು ಹಿಂದೆ ನಡೆದೆ. ಗುರುತು ಬಿತ್ತು, ಅರ್ಧ ಬೆರಳು. ಆಚೆ ತುದಿ ಮುಟ್ಟಿ ಲಾರಿ ತಿರುಗಿಸಿದರು. ಸಾಕು, ನಿಲ್ಲಿಸಿ ಎಂದು ಕೈ ಬೀಸಿದೆ. ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳಿದರು: ‘ಎರಡು ಗಾಡಿ ಎದುರುಬದುರಾದ್ರೆ ಒಂದು ಅಂಚಿಗೆ ಸರೀಲೇಬೇಕಲ್ಲಪ್ಪ. ನಿಮ್ಮಮ್ಮ ಇರೋ ಗಾಡಿನೇ ಆದ್ರೆ? ಅದನ್ನೂ ನೋಡ್ಬಿಡೋಣ.’ ಅಂಚಿಗೆ ಹೋಗಬಾರದೆಂದು ನೀವು ಬರೆದದ್ದನ್ನು ನಾನು ಕೂಗಿ ಹೇಳಿದೆ. ಇಂಜಿನ್ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ.

ಅರ್ಧ ದಾರಿಗೆ ಎಡಗಡೆಯ ಹಿಂದಿನ ಚಕ್ರದ ಕೆಳಗೆ ಜಲ್ಲಿ ಗಂಜಿಯ ಹಾಗೆ ಹರಿಯಿತು. ದೊಡ್ಡ ಸದ್ದೇನೂ ಆಗಲಿಲ್ಲ. ಲಾರಿ ಒಂದು ಕ್ಷಣ ಯೋಚನೆ ಮಾಡುವ ಹಾಗೆ ನಿಂತು ಆಮೇಲೆ ವಾಲಿತು. ಅಲ್ಲಿ ಕಣಿವೆ ನಲವತ್ತು ಮೀಟರ್. ನಾವು ಇಳಿದು ಮುಟ್ಟುವಾಗ ಮುಗಿದಿತ್ತು.

ಏಳು ಗಂಟೆಗೆ ಹೊರಡಬೇಕಿದ್ದ ಹತ್ತು ಗಾಡಿಗಳು ಆಚೆ ತುದಿಯಲ್ಲಿ ಸಾಲಾಗಿ ನಿಂತಿದ್ದವು. ಮೊದಲನೆಯದರಲ್ಲಿ ಅಮ್ಮ ಇದ್ದಳು.

ಏರಿಯ ಬಲ ಅರ್ಧ ಉಳಿದಿತ್ತು. ಗಾಡಿಗೆ ಸಾಲದು, ಕಾಲಿಗೆ ಸಾಕು. ಯಾರೂ ಹೇಳಲಿಲ್ಲ. ಅಂಗಳದ ಆಳುಗಳೆಲ್ಲ ಹೋಗಿ ಸ್ಟ್ರೆಚರ್ ಎತ್ತಿದರು. ಮುನ್ನೂರು ಮೀಟರ್ ಉದ್ದಕ್ಕೂ ಎರಡು ಸಾಲು ನಿಂತು, ಕೈಯಿಂದ ಕೈಗೆ ದಾಟಿಸಿದೆವು. ಮಧ್ಯಾಹ್ನ ಎರಡರವರೆಗೆ ಅರವತ್ತು ಜನ. ಅಮ್ಮ ತಾನು ಕಡೆಗೆ ಎಂದು ಹಟ ಹಿಡಿದಳು. ಅವಳನ್ನು ದಾಟಿಸಿ ಅರ್ಧ ಗಂಟೆಗೆ ಉಳಿದದ್ದೂ ಕುಸಿಯಿತು. ಈಚೆ ಬಂದು ಕಾಯುತ್ತಿದ್ದ ಆಂಬುಲೆನ್ಸಿನಲ್ಲಿ ಮಲಗಿಸುವಾಗ ಅಮ್ಮ ನನ್ನ ಕೈ ಹಿಡಿದು ನೋಡಿದಳು. ನನ್ನ ಕೈ ತುಂಬ ಬಿಳಿ ಕೆಸರು. ಅದು ಯಾವುದರದೆಂದು ಇಬ್ಬರಿಗೂ ಗೊತ್ತಿತ್ತು.

ಅವಳು ನಿಮ್ಮ ಊರಿನ ದೊಡ್ಡಾಸ್ಪತ್ರೆಯಲ್ಲಿದ್ದಾಳೆ. ಹೋಗಿ ನೋಡಿ ಎಂದು ಕೇಳುವ ಮುಖ ನನಗಿಲ್ಲ.


ಮನೆ
ಮೇ 16

ಮರಿ,

ಅತ್ತೆಗೆ ಆಪರೇಷನ್ ಆಯಿತು. ಸೋಂಕು ಇನ್ನೂ ಇಳಿದಿಲ್ಲ. ಉಳಿಯುತ್ತಾರೆಯೇ ಎಂದರೆ ಡಾಕ್ಟರ್ ಕೈ ತೊಳೆಯುತ್ತಾ, ನೋಡೋಣ ಎನ್ನುತ್ತಾರೆ. ನಾನು ದಿನವೂ ಹೋಗುತ್ತೇನೆ. ಈಗ ನನಗೆ ಹೊತ್ತಿದೆ.

ಮೇ ಹನ್ನೊಂದರಂದು ಮುಖ್ಯಸ್ಥರ ಮೇಜಿನ ಮೇಲೆ ಎರಡೂ ವರದಿ ಇಟ್ಟೆ, ಬರೆದದ್ದು ಮತ್ತು ಬರೆಯಬೇಕಾಗಿದ್ದದ್ದು. ಅವರು ನನ್ನ ಕಪಾಟಿನ ಬೀಗದ ಕೈ ತೆಗೆದುಕೊಂಡರು. ವಿಚಾರಣೆ ಇದೆ. ನಿನ್ನ ಆರಿಸಿದ ಚೀಲದ ವಿಷಯ ನಾನು ಹೇಳಿಲ್ಲ. ಅದನ್ನು ನೀನೇ ಹೇಳಬೇಕು.

ಡ್ರೈವರ್ ಮನೆಗೆ ಹೋಗಿದ್ದೆ. ಎರಡು ಕೋಣೆಯ ಮನೆ. ಅವರ ಹೆಂಡತಿ ಟೈಲರ್. ಯಾರದೋ ಶಾಲೆಯ ಅಂಗಿಗೆ ಗುಂಡಿ ಹೊಲಿಯುತ್ತಿದ್ದರು, ನಿಲ್ಲಿಸಲಿಲ್ಲ. ಕಲ್ಲು ಪರೀಕ್ಷೆ ಮಾಡುವವಳು ನಾನೇ ಎಂದೆ. ‘ಗೊತ್ತು. ತೂಕ ಕಮ್ಮಿಯಾದ್ರೆ ಮೇಡಂ ಬೈತಾರೆ ಅಂತ ಲಾರಿ ಗುಡಿಸಿ ಬಿದ್ದ ಒಂದೊಂದು ಹರಳನ್ನೂ ಚೀಲಕ್ಕೆ ಹಾಕೋರು’ ಎಂದರು. ನಾನು ಬರೆದ ಸುಳ್ಳನ್ನು ಅವರಿಗೆ ಹೇಳಿದೆ. ಸೂಜಿ ನಿಂತಿತು. ‘ನೀವು ಇನ್ನು ಹೋಗಿ’ ಎಂದರು. ನಾನು ಬಂದೆ.

ಅತ್ತೆಗೂ ಹೇಳಿದೆ. ನೀನು ಓದದೆ ಬಿಟ್ಟ ಭಾಗವನ್ನು ಪೂರ್ತಿ ಹೇಳಿದೆ. ಕಲ್ಲು ಒಡೆಯೋ ಕೈ ಸುಳ್ಳು ಬರೆದಿತ್ತು ಎಂದೆ. ಅವರು ತಮ್ಮ ಬೆರಳುಗಳನ್ನು ಎತ್ತಿ ತಾವೇ ನೋಡಿಕೊಂಡು, ‘ಆರಿಸಿದ್ದು ನಾನಲ್ವೇನೆ’ ಎಂದರು. ನಾನು ಹೊರಡಲು ಎದ್ದಾಗ ಸೆರಗು ಬಿಡಲಿಲ್ಲ.

ವಿಚಾರಣೆಗೆ ಕುಸಿದ ಜಾಗದ ಜಲ್ಲಿ ಬೇಕು. ಪರೀಕ್ಷೆ ಬೇರೆಯವರು ಮಾಡುತ್ತಾರೆ. ತೆಗೆಯಲು ನಿನ್ನನ್ನೇ ಕೇಳುತ್ತಾರಂತೆ, ಆ ಅಂಗಳದಲ್ಲಿ ಮೇಸ್ತ್ರಿ ನೀನೊಬ್ಬನೇ. ಹೇಗೆ ತೆಗೆಯಬೇಕೆಂದು ಒಮ್ಮೆ ಬರೆದಿದ್ದೇನೆ. ಚೀಲದಲ್ಲಿ ಪತ್ರ ಇಡಬೇಡ.

ಅತ್ತಿಗೆ


ಕಣಿವೆ
ಮೇ 24

ಅತ್ತಿಗೆ,

ಚೀಲದಲ್ಲಿ ಪತ್ರ ಇಟ್ಟಿಲ್ಲ. ಇದನ್ನು ಹೊಸ ಡ್ರೈವರ್ ಕೈಗೆ ಕೊಟ್ಟಿದ್ದೇನೆ. ಅವರು ಯಾರಿಗೂ ಏನೂ ಹೇಳುವುದಿಲ್ಲ, ತಮಾಷೆ ಮಾಡುವುದಿಲ್ಲ. ಆರಿಸಿದ ಚೀಲದ ವಿಷಯವನ್ನು ಕಚೇರಿಯಲ್ಲಿ ಬರೆದುಕೊಟ್ಟು ರುಜು ಹಾಕಿದೆ. ಅಂಗಳದಿಂದ ತೆಗೆದಿದ್ದಾರೆ. ಈ ಒಂದು ಚೀಲ ತುಂಬಿಸಿ ಹೊರಡಬೇಕು.

ನೀವು ಬರೆದ ಹಾಗೇ ಮಾಡಿದೆ. ನಾಲ್ಕು ಕಡೆಯಿಂದ ಸಲಿಕೆಗೆ ಬಂದದ್ದನ್ನು ಗುಡ್ಡೆ ಮಾಡಿದೆ, ಚಪ್ಪಟೆ ಮಾಡಿದೆ, ನಾಲ್ಕು ಭಾಗ ಮಾಡಿದೆ. ಎದುರುಬದುರಿನ ಎರಡನ್ನು ತುಂಬಿದೆ. ಚೀಲದ ಮೇಲೆ ಸಂಖ್ಯೆ ಮಾತ್ರ ಇದೆ.

ತುಂಬುವಾಗ ಹಸಿರು ಬಣ್ಣದ ತುಂಡೊಂದು ಮೇಲೆ ಬಂತು. ಅದರ ಪಕ್ಕದಲ್ಲಿ ಲಾರಿಯ ಗಾಜಿನ ಚೂರು. ಕೈ ಅಲ್ಲಿಯವರೆಗೆ ಹೋಯಿತು.

ತೆಗೆಯಲಿಲ್ಲ. ಬಾಯಿ ಕಟ್ಟಿ ಕಳಿಸಿದ್ದೇನೆ.